ಥಂಡರ್ ರಿವರ್ ಪಕ್ಕದ ಬೆಂಚು

ಪ್ರಶ್ನೆ:

ನಾನು ಹುಬ್ಬಳ್ಳಿಯಲ್ಲಿ ಹುಟ್ಟಿದವಳು. ಒಂಬತ್ತು ವರ್ಷದವಳಿದ್ದಾಗ, 1989ರಲ್ಲಿ, ಅಪ್ಪನ ಕೆಲಸದ ಕಾರಣ ನಮ್ಮ ಕುಟುಂಬ ಅಮೆರಿಕದ ಹೂಸ್ಟನ್‌ಗೆ ಬಂತು. ಅಂದಿನಿಂದ ಇದೇ ನಮ್ಮ ಊರು. ನನ್ನ ಬೇಸಿಗೆ ರಜೆಗಳೆಂದರೆ ಆಸ್ಟ್ರೋವರ್ಲ್ಡ್ ಮನೋರಂಜನಾ ಉದ್ಯಾನ. ನಮ್ಮ ಕ್ರೈಸ್ತ ಸಭೆಯ ಯೌವನಸ್ಥರ ಕೂಟದವರು ಪ್ರತಿ ಜೂನ್ ತಿಂಗಳಲ್ಲಿ ಒಂದು ದಿನ ನಮ್ಮನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಟೆಕ್ಸಸ್ ಸೈಕ್ಲೋನ್ ಎಂಬ ಮರದ ರೋಲರ್ ಕೋಸ್ಟರಿನ ಕಟಕಟ ಸದ್ದು, ಥಂಡರ್ ರಿವರ್‌ನ ದುಂಡು ದೋಣಿ, ಮರಳಿ ಬರುವಾಗ ಬಸ್ಸಿನಲ್ಲಿ ಹಾಡು, ಎಲ್ಲವೂ ನಿನ್ನೆ ಮೊನ್ನೆಯದೆಂಬಂತೆ ನೆನಪಿದೆ. 2005ರಲ್ಲಿ ಅದನ್ನು ಮುಚ್ಚುತ್ತಾರೆಂದು ಕೇಳಿದಾಗ ಕಾರಿನಲ್ಲಿ ಕುಳಿತು ಅತ್ತೆ. ಕತ್ರೀನಾ ಚಂಡಮಾರುತದಲ್ಲಿ ಮನೆ ಕಳೆದುಕೊಂಡವರು ಆಗಷ್ಟೇ ನಮ್ಮ ಊರಿಗೆ ಬಂದಿದ್ದರು. ಅಂಥ ಹೊತ್ತಿನಲ್ಲಿ ಆಟದ ತೋಟಕ್ಕಾಗಿ ಅತ್ತದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಕಳೆದ ವರ್ಷ ಸಭೆಯ ಹಿರಿಯರು ಯೌವನಸ್ಥರ ಸೇವೆಯ ಹೊಣೆಯನ್ನು ನನಗೆ ಒಪ್ಪಿಸಿದರು. ಪಟ್ಟಿಯಲ್ಲಿ ಹದಿನಾಲ್ಕು ಮಕ್ಕಳಿದ್ದಾರೆ, ಬರುವವರು ಐದಾರು. ನನಗೆ ಸಿಕ್ಕ ಸಂತೋಷ ಅವರಿಗೂ ಸಿಗಲೆಂದು ಸ್ಯಾನ್ ಆಂಟೋನಿಯೋದ ದೊಡ್ಡ ಉದ್ಯಾನವೊಂದಕ್ಕೆ ಪ್ರವಾಸ ಗೊತ್ತುಮಾಡಿದೆ. ಹೆಸರು ಕೊಟ್ಟವರು ಇಬ್ಬರೇ. ಹದಿನೈದರ ಹುಡುಗಿಯೊಬ್ಬಳು, "ಆಂಟಿ, ಅದು ನಿಮ್ಮ ಬಾಲ್ಯ, ನಮ್ಮದಲ್ಲ" ಎಂದಳು. ನನ್ನ ಹಂಬಲ ತಪ್ಪೇ? ಈ ಮಕ್ಕಳ ಸೇವೆಯನ್ನು ಎಲ್ಲಿಂದ ಆರಂಭಿಸಲಿ?

ಆಸ್ಟ್ರೋವರ್ಲ್ಡ್‌ಗೆ ಹೋಗುತ್ತಿದ್ದಾಗ ನಮ್ಮ ಜೊತೆ ಹಿರಿಯ ಮಹಿಳೆಯೊಬ್ಬರು ಬರುತ್ತಿದ್ದರು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಯಾವ ಆಟವನ್ನೂ ಹತ್ತದೆ, ಬೆಂಚಿನ ಮೇಲೆ ಕುಳಿತು ನಮ್ಮ ಚೀಲಗಳನ್ನು ಕಾಯುತ್ತಿದ್ದರು, ನೀರಾಟದಿಂದ ಬಂದವರಿಗೆಲ್ಲ ಒಣ ಕಾಲುಚೀಲ ಕೊಡುತ್ತಿದ್ದರು. ಈಗ ತೊಂಬತ್ತು ದಾಟಿದೆ, ವೃದ್ಧರ ಆರೈಕೆ ಮನೆಯಲ್ಲಿದ್ದಾರಂತೆ.

ಒಬ್ಬ ಓದುಗರು, ಹೂಸ್ಟನ್

ಉತ್ತರ:

ಪ್ರಿಯ ಸಹೋದರಿ,

ನಿಮ್ಮ ಮೂರು ಪುಟಗಳ ಪತ್ರವನ್ನು ಓದುಗರಿಗಾಗಿ ಇಲ್ಲಿ ಮೊಟಕುಗೊಳಿಸಿ ಕೊಟ್ಟಿದ್ದೇನೆ. ನಾನು ಇಡಿಯ ಪತ್ರವನ್ನು ಎರಡು ಸಲ ಓದಿದೆ, ಎರಡನೆಯ ಸಲ ಪೆನ್ಸಿಲ್ ಹಿಡಿದು ಕುಳಿತೆ. ಆಟಗಳ ಬಗ್ಗೆ ಒಂದೂವರೆ ಪುಟ ಬರೆದಿದ್ದೀರಿ. ಪ್ರವಾಸ ಕೈಗೂಡದ ಬೇಸರಕ್ಕೆ ಒಂದು ಪುಟ ಹೋಗಿದೆ. ಕಾಲುಚೀಲ ಕೊಟ್ಟ ಆ ತಾಯಿಗೆ ಸಿಕ್ಕಿದ್ದು ಕೊನೆಯ ಮೂರು ಸಾಲು. ನಾನು ಗೆರೆ ಎಳೆದದ್ದು ಆ ಮೂರು ಸಾಲುಗಳ ಕೆಳಗೆ. ಅಲ್ಲಿಗೆ ಆಮೇಲೆ ಬರುತ್ತೇನೆ. ಇಪ್ಪತ್ತು ವರ್ಷಗಳಿಂದ ನೀವು ಹೊತ್ತುಕೊಂಡಿರುವ ನಾಚಿಕೆಯನ್ನು ಮೊದಲು ಕೆಳಗಿಳಿಸೋಣ.

ಸಿಕ್ಸ್ ಫ್ಲಾಗ್ಸ್ ಕಂಪನಿ ಆಸ್ಟ್ರೋವರ್ಲ್ಡ್ ಮುಚ್ಚುವುದಾಗಿ ಪ್ರಕಟಿಸಿದ್ದು 2005ರ ಸೆಪ್ಟೆಂಬರ್ 12ರಂದು. ಹೆದ್ದಾರಿಯ ಆಚೆ ಬದಿಯಲ್ಲಿ, ಆಸ್ಟ್ರೋಡೋಮ್ ಕ್ರೀಡಾಂಗಣದ ಆವರಣದಲ್ಲಿ, ನ್ಯೂ ಆರ್ಲಿಯನ್ಸ್‌ನಿಂದ ಬಂದ ಸಾವಿರಾರು ನಿರಾಶ್ರಿತರು ಆಗ ಮಡಚು ಮಂಚಗಳ ಮೇಲೆ ಮಲಗುತ್ತಿದ್ದರು. ಅದೇ ತಿಂಗಳ ಕೊನೆಯಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ನಿಮ್ಮ ಊರೇ ಖಾಲಿಯಾಗಿ ರಸ್ತೆಗಿಳಿಯಿತು. ಮನೆ ಹೋದವರ ಮುಂದೆ ರೋಲರ್ ಕೋಸ್ಟರ್ ಹೋಯಿತೆಂದು ಅಳುವುದೇ ಎಂದು ನಿಮ್ಮನ್ನು ನೀವೇ ಬೈದುಕೊಂಡಿದ್ದೀರಿ. ಆದರೆ ದುಃಖವನ್ನು ತಕ್ಕಡಿಯಲ್ಲಿಟ್ಟು ತೂಗಿ, ಹಗುರವಾದದ್ದನ್ನು ಎಸೆಯಲಾಗುವುದಿಲ್ಲ. ಅದೇ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ಮನೋರಂಜನಾ ಉದ್ಯಾನವೂ ನೀರಿನಲ್ಲಿ ಮುಳುಗಿ ಮತ್ತೆಂದೂ ತೆರೆಯಲಿಲ್ಲ. ಆ ಮಂಚಗಳ ಮೇಲಿದ್ದ ಮಕ್ಕಳಲ್ಲಿ ಕೆಲವರಾದರೂ ಮುಂದೆ ದೊಡ್ಡವರಾಗಿ, ತಮ್ಮ ಮನೆಯ ಜೊತೆಗೆ ಆ ಉದ್ಯಾನಕ್ಕಾಗಿಯೂ ಅತ್ತಿರುತ್ತಾರೆ. ಅವರನ್ನು ನೀವು ಬೈಯುತ್ತೀರಾ? ಇಲ್ಲವಲ್ಲ.

ನೀವು ಬೇಸಲ್ ಹೆಸರು ಕೇಳುತ್ತ ಬೆಳೆದ ಊರಿನವರಾದ್ದರಿಂದ ಈ ಮಾತು ಹೇಳಬೇಕೆನಿಸುತ್ತದೆ. ಪಾಶ್ಚಾತ್ಯರು ಇಂಥ ಹಂಬಲಕ್ಕೆ ಬಳಸುವ 'ನಾಸ್ಟಾಲ್ಜಿಯಾ' ಎಂಬ ಪದ ಹುಟ್ಟಿದ್ದು 1688ರಲ್ಲಿ, ಸ್ವಿಟ್ಜರ್ಲೆಂಡಿನ ಬೇಸಲ್ ಪಟ್ಟಣದಲ್ಲಿ. ಯೊಹಾನ್ನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ ಮನೆಗೆ ಮರಳುವುದು, ನೋವು ಎಂಬ ಅರ್ಥದ ಎರಡು ಗ್ರೀಕ್ ಪದಗಳನ್ನು ಹೊಸೆದು, ಊರು ಬಿಟ್ಟು ದೂರ ಹೋದವರನ್ನು ಹಿಂಡುವ ಬೇನೆಗೆ ಆ ಹೆಸರಿಟ್ಟ. ಅದು ಅವನ ಪಾಲಿಗೆ ಔಷಧ ಬೇಡುವ ಕಾಯಿಲೆ. ಅದೇ ಪಟ್ಟಣದ ಮಿಷನ್ 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ, ಬಳಿಕ ನಿಮ್ಮ ಹುಬ್ಬಳ್ಳಿಗೆ ಬಂತು. ಬಂದವರು ಬೈಬಲ್ಲನ್ನೂ ಅಚ್ಚುಮೊಳೆಗಳನ್ನೂ ಹೊತ್ತು ತಂದಂತೆ ಈ ಬೇನೆಯನ್ನೂ ತಂದಿರಬೇಕು.

ಇಂದಿನ ಮನಶ್ಶಾಸ್ತ್ರಜ್ಞರು ಇದನ್ನು ಕಾಯಿಲೆ ಎನ್ನುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಟಿಮ್ ವೈಲ್ಡ್‌ಶುಟ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಅವರು ಕಂಡುಕೊಂಡಿದ್ದರಲ್ಲಿ ಎರಡು ವಿಷಯ ನಿಮಗೆ ಬೇಕಾದವು. ಒಂಟಿತನ ಕಾಡಿದಾಗ ಇಂಥ ನೆನಪು ಹೆಚ್ಚಾಗಿ ಮೇಲೇಳುತ್ತದೆ. ಎದ್ದ ನೆನಪಿನಲ್ಲಿ ಬಹುಮಟ್ಟಿಗೆ ಆಪ್ತರಾದ ಜನ ಇರುತ್ತಾರೆ, ಅವರ ನಡುವೆ ನಾವು ಇರುತ್ತೇವೆ. ಜೊತೆಗೆ, ಹತ್ತರಿಂದ ಮೂವತ್ತರೊಳಗಿನ ವಯಸ್ಸಿನಲ್ಲಿ ನಡೆದದ್ದು ಉಳಿದೆಲ್ಲ ಕಾಲಕ್ಕಿಂತ ದಟ್ಟವಾಗಿ ಉಳಿಯುತ್ತದೆಂಬುದೂ ಬಹಳ ಕಾಲದಿಂದ ಗೊತ್ತಿರುವ ಸಂಗತಿ. ಹದಿನಾಲ್ಕರಲ್ಲಿ ಕೇಳಿದ ಕಟಕಟ ಸದ್ದು ನಲವತ್ತೈದರಲ್ಲೂ ಕಿವಿಯಲ್ಲಿರುವುದು ಸಹಜ.

ನಿಮ್ಮ ಪತ್ರದಲ್ಲಿ ಇಲ್ಲದ್ದೂ ನನ್ನ ಗಮನಕ್ಕೆ ಬಂತು. ಒಂಬತ್ತನೆಯ ವಯಸ್ಸಿನಲ್ಲಿ ಹುಬ್ಬಳ್ಳಿ ಬಿಟ್ಟಿರಿ. ಆಗ ಅತ್ತಿರಾ? ಬರೆದಿಲ್ಲ. ಅಮೆರಿಕಕ್ಕೆ ಹೊರಟ ಮಗುವಿಗೆ ಸುತ್ತಲಿನವರು ಅದೃಷ್ಟವಂತೆ ಎಂದೇ ಹೇಳಿರುತ್ತಾರೆ, ಅಳಲು ಯಾರೂ ಎಡೆ ಕೊಟ್ಟಿರಲಾರರು. ಹೊಸ ಊರಿನಲ್ಲಿ, ಹೊಸ ನುಡಿಯಲ್ಲಿ, ಐದು ವರ್ಷ ಅಂಜುತ್ತ ಕಳೆದ ಹುಡುಗಿಗೆ 'ನೀನೂ ನಮ್ಮವಳು' ಎಂಬ ಭಾವ ಮೊದಲು ಸಿಕ್ಕಿದ್ದು ಆ ಬಸ್ಸಿನಲ್ಲಿ, ಆ ಸಾಲಿನಲ್ಲಿ, ಆ ದೋಣಿಯಲ್ಲಿ ಇರಬೇಕು. ಇಪ್ಪತ್ತೈದರಲ್ಲಿ ಕಾರಿನಲ್ಲಿ ಕುಳಿತು ಅತ್ತಾಗ ನೀವು ಎರಡು ಊರುಗಳಿಗಾಗಿ ಒಟ್ಟಿಗೆ ಅತ್ತಿರಿ ಎಂದು ನನಗನಿಸುತ್ತದೆ. ನನ್ನ ಊಹೆ ತಪ್ಪಿದ್ದರೆ ಬಿಟ್ಟುಬಿಡಿ. ಹೌದೆನಿಸಿದರೆ ಒಂದು ಸಂಜೆ ಅಮ್ಮನೊಡನೆ ಕುಳಿತು ಆ 1989ನೆಯ ವರ್ಷದ ಬಗ್ಗೆ ಮಾತನಾಡಿ.

ಈಗ ಆ ಉದ್ಯಾನದ ಕಥೆ. ನಿಮಗೆ ಗೊತ್ತಿದ್ದರೂ, ನಮ್ಮ ಓದುಗರಿಗಾಗಿ ಹೇಳಬೇಕು. ಆಸ್ಟ್ರೋವರ್ಲ್ಡ್ ತೆರೆದದ್ದು 1968ರ ಜೂನ್ 1ರಂದು. ಕಟ್ಟಿಸಿದವರು ಹೂಸ್ಟನ್ನಿನ ಮಾಜಿ ಮೇಯರ್ ರಾಯ್ ಹೋಫೈನ್ಜ್. ಅದಕ್ಕೆ ಮೂರು ವರ್ಷ ಮೊದಲು ಆಸ್ಟ್ರೋಡೋಮ್ ಕಟ್ಟಿಸಿದವರೂ ಅವರೇ. 1975ರಲ್ಲಿ ಅದು ಸಿಕ್ಸ್ ಫ್ಲಾಗ್ಸ್ ಕೈಗೆ ಹೋಯಿತು. ಮರುವರ್ಷ ಟೆಕ್ಸಸ್ ಸೈಕ್ಲೋನ್ ಬಂತು, ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1927ರಿಂದ ಓಡುತ್ತಿದ್ದ ಹೆಸರಾಂತ ಸೈಕ್ಲೋನ್‌ನ ಮಾದರಿಯಲ್ಲಿ. 1980ರಲ್ಲಿ ಥಂಡರ್ ರಿವರ್ ಬಂತು. ಕೃತಕ ನದಿಯ ಅಬ್ಬರದಲ್ಲಿ ದುಂಡನೆಯ ದೋಣಿ ತಿರುತಿರುಗುತ್ತ ಸಾಗುವ ಈ ಆಟ ಆ ಬಗೆಯಲ್ಲಿ ಜಗತ್ತಿಗೇ ಮೊದಲನೆಯದು, ಆಮೇಲೆ ಎಷ್ಟೋ ದೇಶಗಳ ಉದ್ಯಾನಗಳು ಅದನ್ನು ಅನುಸರಿಸಿದವು.

ಮುಚ್ಚಿದ್ದರ ಹಿಂದೆ ಹಣದ ಲೆಕ್ಕವಿತ್ತು. ಕಂಪನಿಯ ತಲೆಯ ಮೇಲೆ ಎರಡು ನೂರು ಕೋಟಿ ಡಾಲರಿಗೂ ಮಿಕ್ಕ ಸಾಲವಿತ್ತು. ಉದ್ಯಾನದ ಕೆಳಗಿನ ನೆಲಕ್ಕೆ ಒಳ್ಳೆಯ ಬೆಲೆ ಬರುತ್ತದೆಂದು ಲೆಕ್ಕ ಹಾಕಿದರು. ವಾಹನ ನಿಲುಗಡೆಯ ಜಾಗಕ್ಕಾಗಿ ಪಕ್ಕದ ಕ್ರೀಡಾಂಗಣದವರೊಡನೆ ತಕರಾರೂ ಇತ್ತು. 2005ರ ಅಕ್ಟೋಬರ್ 30 ಕೊನೆಯ ದಿನ. 2006ರ ಜನವರಿಯಲ್ಲಿ ಸಾಮಾನುಗಳ ಹರಾಜು ನಡೆಯಿತು, ಮಾರ್ಚ್‌ನಲ್ಲಿ ಸೈಕ್ಲೋನ್ ಉರುಳಿತು. ಸುಮಾರು 15 ಕೋಟಿ ಡಾಲರ್ ನಿರೀಕ್ಷಿಸಿದ್ದ ನೆಲ 7.7 ಕೋಟಿಗೆ ಹೋಯಿತು. ಕೆಲವು ಆಟಗಳನ್ನು ಬಿಚ್ಚಿ ಒಯ್ದರು. ಒಂದು ಸೇಂಟ್ ಲೂಯಿಸ್‌ನಲ್ಲಿ, ಇನ್ನೊಂದು ಕೆನಡಾದ ಮಾಂಟ್ರಿಯಲ್‌ನಲ್ಲಿ, ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಎದ್ದು ನಿಂತವು. ಉಳಿದದ್ದು ಬಯಲು. ಅದರ ದೊಡ್ಡ ಪಾಲನ್ನು ಊರಿನ ಜಾನುವಾರು ಪ್ರದರ್ಶನ ಮತ್ತು ರೋಡಿಯೋ (ಕುದುರೆ, ಗೂಳಿ ಸವಾರಿಯ ಪಂದ್ಯ) ನಡೆಸುವ ಸಂಸ್ಥೆ ಕೊಂಡುಕೊಂಡಿತು.

ನಮ್ಮ ಕಡೆಯ ಜಾತ್ರೆ ನೆನಪಾಗುತ್ತದೆ. ಸಿದ್ಧಾರೂಢರ ಜಾತ್ರೆಗೆ ಬರುವ ತಿರುಗು ತೊಟ್ಟಿಲು ಜಾತ್ರೆ ಮುಗಿದ ಮೇಲೆ ಲಾರಿ ಏರಿ ಹೋಗುತ್ತದೆ, ಬಯಲು ಬರಿದಾಗುತ್ತದೆ. ಆ ಬರಿದು ಬಯಲನ್ನು ನೋಡಿ ಯಾರೂ ಎದೆ ಒಡೆದುಕೊಳ್ಳುವುದಿಲ್ಲ. ಮುಂದಿನ ವರ್ಷ ಅದು ಬರುತ್ತದೆ, ಏಕೆಂದರೆ ಅದು ಜನರ ಪಂಚಾಂಗದಲ್ಲಿದೆ. ಆಸ್ಟ್ರೋವರ್ಲ್ಡ್ ಇದ್ದದ್ದು ಕಂಪನಿಯ ಲೆಕ್ಕದ ಪುಸ್ತಕದಲ್ಲಿ. ನಿಮ್ಮ ಬಾಲ್ಯದ ನೆಲ ಇನ್ನೊಬ್ಬರ ಆಸ್ತಿಯಾಗಿತ್ತೆಂದು ಇಪ್ಪತ್ತೈದರಲ್ಲಿ ಒಮ್ಮೆಲೇ ತಿಳಿದಾಗ ಆದ ಗಾಯ ಚಿಕ್ಕದಲ್ಲ.

ಇದೇ ಎಳೆ ಹಿಡಿದು ಯೌವನಸ್ಥರ ಸೇವೆಗೆ ಬರುತ್ತೇನೆ. ಸಭೆಯೇ ಉದ್ಯಾನವಾಗಲು ಹೊರಟಾಗ ಏನಾಗುತ್ತದೆಂದು ನಿಮ್ಮ ದೇಶ ಒಮ್ಮೆ ಕಂಡಿದೆ. ಜಿಮ್ ಬೇಕರ್ ಎಂಬ ದೂರದರ್ಶನ ಬೋಧಕರು 1978ರಲ್ಲಿ ಸೌತ್ ಕ್ಯಾರೊಲೈನಾದಲ್ಲಿ ಹೆರಿಟೇಜ್ ಯುಎಸ್ಎ ಎಂಬ ಕ್ರೈಸ್ತ ಉದ್ಯಾನ ತೆರೆದರು. ನೀರಾಟ, ಹೋಟೆಲು, ಅಂಗಡಿ ಬೀದಿ ಎಲ್ಲವೂ ಇದ್ದವು. 1986ರಲ್ಲಿ ಸುಮಾರು 60 ಲಕ್ಷ ಜನ ಬಂದರು. ಆ ದೇಶದಲ್ಲಿ ಡಿಸ್ನಿಯ ಎರಡು ಉದ್ಯಾನಗಳನ್ನು ಬಿಟ್ಟರೆ ಅದೇ ಮುಂದೆ ಎನ್ನುತ್ತಿದ್ದರು. ಮರುವರ್ಷ ಬೇಕರ್ ಹಗರಣದಲ್ಲಿ ಸಿಲುಕಿ ರಾಜೀನಾಮೆ ಕೊಟ್ಟರು. 1989ರಲ್ಲಿ ವಂಚನೆಗಾಗಿ ಸೆರೆಮನೆಯ ಶಿಕ್ಷೆಯಾಯಿತು, ಉದ್ಯಾನವೂ ಮುಚ್ಚಿತು. ಅಲ್ಲಿಗೆ ಹೋದ ಸಾಮಾನ್ಯ ಜನರ ಭಕ್ತಿ ಸುಳ್ಳೆಂದು ನಾನು ಹೇಳಲಾರೆ. ಆದರೆ ಮಕ್ಕಳನ್ನು ಸೆಳೆಯಲು ಉದ್ಯಾನದೊಡನೆ ಸ್ಪರ್ಧೆಗಿಳಿದ ಸಭೆ ಸೋಲುತ್ತದೆ. ಗೆದ್ದರಂತೂ ಇನ್ನೂ ಕಷ್ಟ. ಮುಂದಿನ ವರ್ಷ ಇನ್ನೂ ಎತ್ತರದ ಆಟ ಬೇಕಾಗುತ್ತದೆ.

ಇದನ್ನು ದೂರ ನಿಂತು ಹೇಳುತ್ತಿಲ್ಲ. ಮೂವತ್ತು ವರ್ಷಗಳಿಂದ ಯೌವನಸ್ಥರ ನಾಯಕರಿಗೆ ತರಬೇತಿ ಕೊಡುತ್ತ ಬಂದವನು ನಾನು. ಆರಂಭದ ದಿನಗಳಲ್ಲಿ ಧಾರವಾಡದ ಹತ್ತಿರ ಮೂರು ದಿನಗಳ ಶಿಬಿರ ನಡೆಸಿದೆ. ಇನ್ನೂರು ಮಕ್ಕಳು ಬಂದಿದ್ದರು. ಎರಡನೆಯ ರಾತ್ರಿ ಗಾಯನದ ಹೊತ್ತಿಗೆ ಮೈಕ್ ಕೈಕೊಟ್ಟಿತು. ತಂತಿ ಹಿಡಿದು ಓಡಾಡುವಾಗ ಸಭಾಂಗಣದ ಹಿಂದಿನ ಮೆಟ್ಟಿಲ ಮೇಲೆ ಹುಡುಗನೊಬ್ಬ ಮೊಣಕಾಲಿಗೆ ಗದ್ದ ಆನಿಸಿ ಕುಳಿತಿದ್ದ. ಅವನನ್ನು ದಾಟಿಕೊಂಡೇ ಮೂರು ಸಲ ಹೋದೆ. ಮೂರನೆಯ ಸಲ, "ಒಳಗೆ ಹೋಗಪ್ಪ, ಹಾಡು ಶುರುವಾಗುತ್ತದೆ" ಎಂದೆ. ಮೈಕ್ ಸರಿಹೋಯಿತು, ಶಿಬಿರ ಯಶಸ್ವಿ ಎಂದು ಎಲ್ಲರೂ ಕೈಕುಲುಕಿದರು. ಹನ್ನೆರಡು ವರ್ಷಗಳ ಬಳಿಕ ಒಂದು ಮದುವೆಯ ಊಟದಲ್ಲಿ ಅವನೇ ಸಿಕ್ಕಿ ಹೇಳಿದ: ಆ ದಿನಗಳಲ್ಲಿ ಅವನ ತಂದೆ ಮನೆ ಬಿಟ್ಟು ಹೋಗಿದ್ದರು, ಯಾರಾದರೂ ಪಕ್ಕದಲ್ಲಿ ಕುಳಿತರೆ ಹೇಳಬೇಕೆಂದು ಆ ಮೆಟ್ಟಿಲ ಮೇಲೆ ಕಾದಿದ್ದ. ಅವನು ದೂರಲಿಲ್ಲ. ನನಗೆ ಮಾತ್ರ ತುತ್ತು ಗಂಟಲಿನಿಂದ ಇಳಿಯಲಿಲ್ಲ. ಈಗ ತರಬೇತಿಗೆ ಬಂದವರಿಗೆಲ್ಲ ಮೊದಲು ಆ ಮೆಟ್ಟಿಲ ಕಥೆ ಹೇಳುತ್ತೇನೆ.

ನಿಮ್ಮ ಆ ತಾಯಿ ಬೆಂಚಿನ ಮೇಲೆ ಕುಳಿತು ಮಾಡಿದ್ದು ನಾನು ಅಂದು ಮಾಡದೆ ಬಿಟ್ಟ ಕೆಲಸವನ್ನೇ.

ಸ್ವಲ್ಪ ಯೋಚಿಸಿ ನೋಡಿ. ಒಣ ಕಾಲುಚೀಲ ಕೊಡಬೇಕಾದರೆ ಅವರು ಹಿಂದಿನ ದಿನವೇ ಎಷ್ಟು ಮಕ್ಕಳು ಬರುತ್ತಾರೆಂದು ಎಣಿಸಿರಬೇಕು. ಯಾರ ಪಾದ ಎಷ್ಟು ದೊಡ್ಡದೆಂದು ಅಂದಾಜು ಮಾಡಿರಬೇಕು. ಒದ್ದೆ ಬೂಟಿನಲ್ಲಿ ದಿನವಿಡೀ ನಡೆದರೆ ಕಾಲು ಬೊಕ್ಕೆ ಏಳುತ್ತದೆಂದು ಅಡುಗೆಮನೆಯ ಒದ್ದೆ ನೆಲದ ಮೇಲೆ ವರ್ಷಗಟ್ಟಲೆ ನಿಂತ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನೀವು ದೋಣಿಯಿಂದ ಇಳಿದು ನಡುಗುತ್ತ ಬಂದಾಗ ನಿಮ್ಮ ಹೆಸರು ಹಿಡಿದು ಕರೆದು ಕೈಗೆ ಬೆಚ್ಚನೆಯ ಬಟ್ಟೆ ಇಟ್ಟರು. ಮೂವತ್ತು ವರ್ಷಗಳಾದರೂ ಆ ಕಾಲುಚೀಲ ನೆನಪಿದೆ. ಆ ದಿನದ ದೇವರ ವಾಕ್ಯ ಯಾವುದಿತ್ತೆಂದು ನೀವು ಬರೆದಿಲ್ಲ. ಅದಕ್ಕಾಗಿ ಅಪರಾಧ ಭಾವ ಬೇಡ, ವಾಕ್ಯ ಕಾಲುಚೀಲದ ರೂಪದಲ್ಲಿ ಕೈಗೆ ಬಂದಿತ್ತು.

ಥಂಡರ್ ರಿವರ್‌ನ ದೋಣಿಯ ವಿಷಯವೂ ಸುಮ್ಮನೆ ಅಲ್ಲ. ರೋಲರ್ ಕೋಸ್ಟರಿನಲ್ಲಿ ಮುಂದಿನವರ ಬೆನ್ನು ಕಾಣುತ್ತದೆ, ದುಂಡು ದೋಣಿಯಲ್ಲಿ ಎದುರಿನವರ ಮುಖ ಕಾಣುತ್ತದೆ. ಯಾರ ಮೇಲೆ ನೀರು ಬೀಳುತ್ತದೋ ಯಾರಿಗೂ ಗೊತ್ತಿಲ್ಲ; ಹೆದರಿಕೆಯೂ ನಗುವೂ ಎಲ್ಲರ ಮುಂದೆ. ನಿಮ್ಮ ಶುಕ್ರವಾರದ ಕೂಟದಲ್ಲಿ ಮಕ್ಕಳು ವೇದಿಕೆಯತ್ತ ಮುಖ ಮಾಡಿ ಸಾಲು ಕುರ್ಚಿಗಳಲ್ಲಿ ಕುಳಿತುಕೊಳ್ಳುತ್ತಾರೆಂದು ಬರೆದಿದ್ದೀರಿ. ಆರೇ ಮಕ್ಕಳಿಗೆ ವೇದಿಕೆ ಏಕೆ? ಮುಂದಿನ ಶುಕ್ರವಾರವೇ ಕುರ್ಚಿಗಳನ್ನು ದುಂಡಗೆ ಹಾಕಿ.

ಈ ಸೇವೆಯ ಇತಿಹಾಸದಲ್ಲೂ ಇಂಥ ಬೆಂಚುಗಳೇ ಇವೆ. ಇಟಲಿಯ ಟೂರಿನ್‌ನಲ್ಲಿ 1841ರಿಂದ ಬೀದಿಯ ಹುಡುಗರನ್ನು ಕೂಡಿಸಿದ ಡಾನ್ ಬಾಸ್ಕೋ ಬಾಲ್ಯದಲ್ಲಿ ಹಗ್ಗದ ಮೇಲೆ ನಡೆಯುವ ಕಸರತ್ತು ಕಲಿತಿದ್ದವರು. ಆಟದ ಅಂಗಳವನ್ನು ಅವರು ಪ್ರಾರ್ಥನಾ ಮಂದಿರದಷ್ಟೇ ಮುಖ್ಯವೆಂದು ಕಂಡರು. ಗುರುಗಳು ಹುಡುಗರ ನಡುವೆಯೇ ಇರಬೇಕು, ದೂರದಿಂದ ಕಾವಲು ಕಾಯುವುದಲ್ಲ ಎಂಬುದು ಅವರ ಪಟ್ಟು. ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ 1881ರ ಫೆಬ್ರುವರಿ 2ರಂದು ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ತಮ್ಮ ಮನೆಯಲ್ಲೇ ಹರೆಯದವರನ್ನು ಕೂಡಿಸಿ, ಕೂಟ ನಡೆಸುವ ಹೊಣೆಯನ್ನು ಅವರಿಗೇ ಒಪ್ಪಿಸಿದರು. ಕ್ರಿಶ್ಚಿಯನ್ ಎಂಡೆವರ್ ಸಂಘ ಹುಟ್ಟಿದ್ದು ಹಾಗೆ. ನಿಮ್ಮ ಟೆಕ್ಸಸ್ಸಿನಲ್ಲೇ, ಗೇನ್ಸ್‌ವಿಲ್ ಎಂಬ ಊರಿನಲ್ಲಿ ಜಿಮ್ ರೇಬರ್ನ್ ಶಾಲಾ ಮಕ್ಕಳ ನಡುವೆ ಮಾಡಿದ ಕೆಲಸದಿಂದ 1941ರಲ್ಲಿ ಯಂಗ್ ಲೈಫ್ ಸಂಸ್ಥೆ ರೂಪುಗೊಂಡಿತು. ಅವರು ಬರುವುದಕ್ಕೆ ಮೊದಲೇ ಆ ಊರಿನ ಕೆಲವು ವಯಸ್ಸಾದ ಹೆಂಗಸರು ಅದೇ ಶಾಲೆಯ ಮಕ್ಕಳಿಗಾಗಿ ಕೂಡಿ ಪ್ರಾರ್ಥಿಸುತ್ತಿದ್ದರೆಂದು ಆ ಸಂಸ್ಥೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ.

ಇನ್ನು ಆ ಹದಿನೈದರ ಹುಡುಗಿ. ಅವಳ ಮಾತು ನಿಮಗೆ ಚುಚ್ಚಿದೆ. ನನಗೆ ಅವಳ ಮೇಲೆ ಗೌರವ ಹುಟ್ಟಿತು. ನಿಮ್ಮ ಮೇಲೆ ನಂಬಿಕೆ ಇಲ್ಲದಿದ್ದರೆ ಹಲ್ಲು ಕಿಸಿದು, ನೆಪ ಹೇಳಿ ಜಾರಿಕೊಳ್ಳುತ್ತಿದ್ದಳು. ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನೆನಪಿರಲಿ, ಆಸ್ಟ್ರೋವರ್ಲ್ಡ್ ಎಂಬ ಹೆಸರು ಅವಳ ಕಿವಿಗೆ ಬೇರೆಯೇ ಕೇಳಿಸುತ್ತದೆ. 2021ರ ನವೆಂಬರ್ 5ರಂದು ಹೆದ್ದಾರಿಯ ಆಚೆಯ ಎನ್‌ಆರ್‌ಜಿ ಪಾರ್ಕಿನಲ್ಲಿ, ನಿಮ್ಮ ಉದ್ಯಾನದ ಹೆಸರನ್ನೇ ಇಟ್ಟುಕೊಂಡ ಸಂಗೀತ ಉತ್ಸವದಲ್ಲಿ, ನೂಕುನುಗ್ಗಲಿಗೆ ಸಿಕ್ಕಿ ಹತ್ತು ಜನ ಸತ್ತರು. ಅವರಲ್ಲಿ ಒಂಬತ್ತು ವರ್ಷದ ಮಗುವೂ ಇತ್ತು. ಆಗ ಅವಳಿಗೆ ಹನ್ನೊಂದು ಹನ್ನೆರಡು ಇರಬಹುದು. ನೀವು ಆ ಹೆಸರು ಹೇಳುತ್ತ ಕಣ್ಣರಳಿಸಿದಾಗ ಅವಳ ಮನಸ್ಸಿಗೆ ಬಂದದ್ದು ಯಾವ ಚಿತ್ರವೋ. ಕೇಳಿದ್ದೀರಾ? ಮೊದಲು ಅದನ್ನು ಕೇಳಿ. ನಿಮ್ಮ ಕಥೆ ಹೇಳುವುದಕ್ಕೆ ಮುಂಚೆ ಅವಳ ಕಥೆ ಬರಲಿ.

ಬೈಬಲ್ಲಿನ ಎಜ್ರನ ಗ್ರಂಥದ ಮೂರನೆಯ ಅಧ್ಯಾಯವನ್ನು ನೀವಿಬ್ಬರೂ ಒಟ್ಟಿಗೆ ಓದಬೇಕೆಂದು ನನ್ನ ಆಸೆ. ಸೆರೆಯಿಂದ ಮರಳಿದ ಜನ ಹೊಸ ದೇವಾಲಯಕ್ಕೆ ಅಸ್ತಿವಾರ ಹಾಕುತ್ತಾರೆ. ಹಳೆಯ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅಳುತ್ತಾರೆ, ಉಳಿದವರು ಆನಂದದಿಂದ ಆರ್ಭಟಿಸುತ್ತಾರೆ. ಅಳು ಯಾವುದು, ಆರ್ಭಟ ಯಾವುದು ಎಂದು ಬೇರ್ಪಡಿಸಿ ಕೇಳಲಾಗದಷ್ಟು ಸದ್ದು. ಅತ್ತ ಮುದುಕರನ್ನು ಯಾರೂ ಗದರಿಸಿ ಸುಮ್ಮನಿರಿಸಲಿಲ್ಲ. ಅವರೂ ಹುಡುಗರ ಬಾಯಿ ಮುಚ್ಚಿಸಲಿಲ್ಲ. ನಿಮ್ಮ ಹಂಬಲ ತಪ್ಪೇ ಎಂದು ಕೇಳಿದಿರಿ. ತಪ್ಪಲ್ಲ. ಅದನ್ನು ಮಕ್ಕಳ ಬೆನ್ನಿಗೆ ಕಟ್ಟಿ ಸ್ಯಾನ್ ಆಂಟೋನಿಯೋಗೆ ಹೊರಡಿಸಲು ನೋಡಿದ್ದು ತಪ್ಪಾಯಿತು.

ಹಾಗೆಂದು ಪ್ರವಾಸ ರದ್ದು ಮಾಡಬೇಡಿ. ಇಬ್ಬರೇ ಎಂದಿರಿ, ಆ ಇಬ್ಬರು ಯಾರು? ಪತ್ರದಲ್ಲಿ ಅವರ ಬಗ್ಗೆ ಒಂದು ಮಾತೂ ಇಲ್ಲ. ಬಾರದ ಹನ್ನೆರಡು ಮಕ್ಕಳ ಕೊರಗಿನಲ್ಲಿ ಬರುತ್ತೇನೆಂದ ಇಬ್ಬರು ಕಣ್ಮರೆಯಾಗಿದ್ದಾರೆ. ಅವರನ್ನು ಕರೆದೊಯ್ಯಿರಿ, ಇನ್ನೊಬ್ಬ ಹಿರಿಯರನ್ನೂ ಜೊತೆಗೆ ಕರೆದುಕೊಳ್ಳಿ. ಅವರು ಆಟ ಹತ್ತಲಿ, ನೀವು ಬೆಂಚು ಹಿಡಿಯಿರಿ. ಅವರೇ ಬಾ ಎಂದು ಕೈಹಿಡಿದು ಎಳೆದರೆ ಒಂದು ಸುತ್ತು ಹೋಗಿಬನ್ನಿ.

ಉಳಿದವರಿಗಾಗಿ ಮೂರು ತಿಂಗಳು ಹೊಸ ಕಾರ್ಯಕ್ರಮ ಹಾಕಿಕೊಳ್ಳಬೇಡಿ. ಹದಿನಾಲ್ಕು ಮನೆಗಳಿಗೂ ಹೋಗಿ, ತಂದೆತಾಯಿಯರೊಡನೆ ಚಹಾ ಕುಡಿಯಿರಿ. ಕ್ರಿಶ್ಚಿಯನ್ ಸ್ಮಿತ್ ಮತ್ತು ಮೆಲಿಂಡಾ ಡೆಂಟನ್ ಅಮೆರಿಕದ ಮೂರು ಸಾವಿರಕ್ಕೂ ಹೆಚ್ಚು ಹದಿಹರೆಯದವರ ಧಾರ್ಮಿಕ ಜೀವನವನ್ನು ಅಧ್ಯಯನ ಮಾಡಿ 2005ರಲ್ಲಿ ಪ್ರಕಟಿಸಿದರು. ಮಕ್ಕಳ ನಂಬಿಕೆಯ ಮೇಲೆ ಎಲ್ಲಕ್ಕಿಂತ ಹೆಚ್ಚಿನ ಪ್ರಭಾವ ತಂದೆತಾಯಿಯರದೇ ಎಂದು ಅವರು ಕಂಡರು. ಯೌವನಸ್ಥರ ನಾಯಕರು ಮನೆಯನ್ನು ಬಿಟ್ಟು ಮಕ್ಕಳನ್ನಷ್ಟೇ ಹಿಡಿಯಲು ಹೋದರೆ ಕೈಗೆ ಬಾಲ ಸಿಗುತ್ತದೆ, ಹಸು ಸಿಗುವುದಿಲ್ಲ. ಕ್ಯಾಲಿಫೋರ್ನಿಯಾದ ಫುಲ್ಲರ್ ಯೂತ್ ಇನ್‌ಸ್ಟಿಟ್ಯೂಟ್‌ನವರು ಇನ್ನೊಂದು ಸಲಹೆ ಕೊಡುತ್ತಾರೆ. ಐದು ಮಕ್ಕಳಿಗೆ ಒಬ್ಬ ಹಿರಿಯರು ಎಂಬ ಹಳೆಯ ಲೆಕ್ಕವನ್ನು ಮಗುಚಿ ಹಾಕಿ, ಒಂದು ಮಗುವಿಗೆ ಐವರು ಹಿರಿಯರು ಎನ್ನುತ್ತಾರೆ. ಐವರೂ ಪಾಠ ಹೇಳಬೇಕಿಲ್ಲ. ಹೆಸರು ಗೊತ್ತಿರಬೇಕು, ಪರೀಕ್ಷೆ ಯಾವಾಗ ಎಂದು ಗೊತ್ತಿರಬೇಕು, ಎರಡು ವಾರ ಕಾಣದಿದ್ದರೆ ವಿಚಾರಿಸಬೇಕು. ನಿಮ್ಮ ಸಭೆಯಲ್ಲಿ ನಿವೃತ್ತರು ಎಷ್ಟು ಮಂದಿ ಇದ್ದಾರೆ? ಅವರೇ ನಿಮ್ಮ ತಂಡ.

ಮೊಬೈಲಿನ ಬಗ್ಗೆಯೂ ಬೇಸರಿಸಿದ್ದೀರಿ. 1994ರಲ್ಲಿ ಸೈಕ್ಲೋನ್‌ಗಾಗಿ ಒಂದು ಗಂಟೆ ಸಾಲಿನಲ್ಲಿ ನಿಂತಾಗ ಬೇರೆ ದಾರಿಯಿಲ್ಲದೆ ಮಾತನಾಡಿದಿರಿ, ಗೆಳೆತನ ಬೆಳೆದದ್ದು ಆ ಕಾಯುವಿಕೆಯಲ್ಲಿ. ಈಗಿನ ಮಕ್ಕಳಿಗೆ ಕಾಯುವ ಹೊತ್ತನ್ನು ಫೋನು ನುಂಗಿದೆ. ಕಸಿದುಕೊಂಡರೆ ಜಗಳವಾಗುತ್ತದೆ. ಕೈ ಬಿಡುವಿಲ್ಲದ ಕೆಲಸ ಕೊಡಿ. ಕ್ರಿಸ್‌ಮಸ್‌ಗೆ ಹುಬ್ಬಳ್ಳಿಯ ನಿಮ್ಮ ಮನೆಯಲ್ಲಿ ಕರ್ಚಿಕಾಯಿ ಮಾಡುತ್ತಿರಲಿಲ್ಲವೇ? ಡಿಸೆಂಬರಿನ ಒಂದು ಶನಿವಾರ ಸಭೆಯ ಅಡುಗೆಮನೆಯಲ್ಲಿ ಮಕ್ಕಳನ್ನೂ ಆ ನಿವೃತ್ತರನ್ನೂ ಕೂಡಿಸಿ. ಒಬ್ಬರು ಲಟ್ಟಿಸಲಿ, ಒಬ್ಬರು ಹೂರಣ ತುಂಬಲಿ, ಒಬ್ಬರು ಅಂಚು ಒತ್ತಲಿ. ಬೆರಳಿಗೆ ಹಿಟ್ಟು ಮೆತ್ತಿದ ಮೇಲೆ ಫೋನು ಮುಟ್ಟಲಾಗದು. ಎಣ್ಣೆ ಕಾಯುವವರೆಗೆ ಮಾತು ಹುಟ್ಟುತ್ತದೆ. ಕರಿದದ್ದನ್ನು ಹಂಚಲು ಯಾರ ಮನೆಗೆ ಹೋಗಬೇಕೆಂದು ಮಕ್ಕಳೇ ತೀರ್ಮಾನಿಸಲಿ.

ಒಂದು ವಿಷಯದಲ್ಲಿ ಮಾತ್ರ ಸಡಿಲು ಬೇಡ. ಮಗುವೊಂದರ ಜೊತೆ ಮುಚ್ಚಿದ ಕೋಣೆಯಲ್ಲಿಯಾಗಲಿ ಕಾರಿನಲ್ಲಿಯಾಗಲಿ ನೀವೂ ಸೇರಿದಂತೆ ಯಾವ ಹಿರಿಯರೂ ಒಬ್ಬರೇ ಇರಬಾರದು. ಯಾವಾಗಲೂ ಇಬ್ಬರು ಹಿರಿಯರು, ತೆರೆದ ಬಾಗಿಲು. ಮಕ್ಕಳಿಗೆ ಕಳಿಸುವ ಸಂದೇಶಗಳಲ್ಲಿ ಪೋಷಕರೋ ಇನ್ನೊಬ್ಬ ನಾಯಕರೋ ಇರಲಿ. ಮಗುವಿನ ಮೇಲೆ ದೌರ್ಜನ್ಯ ನಡೆದಿದೆಯೆಂಬ ಅನುಮಾನ ಬಂದರೆ ಅದನ್ನು ಅಧಿಕಾರಿಗಳಿಗೆ ತಿಳಿಸುವುದು ಟೆಕ್ಸಸ್ ಕಾನೂನಿನಂತೆ ಪ್ರತಿಯೊಬ್ಬರ ಕರ್ತವ್ಯ; ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡಬಾರದು. ಆ ಕಾಲುಚೀಲದ ತಾಯಿಯ ಬೆಂಚು ಎಲ್ಲರಿಗೂ ಕಾಣುವ ಜಾಗದಲ್ಲಿತ್ತು, ಗಮನಿಸಿದಿರಾ?

ಇನ್ನು ಅವರ ವಿಷಯ. ಅವರನ್ನು ಕೊನೆಯ ಸಲ ನೋಡಿ ಎಂಟು ವರ್ಷವಾಯಿತೆಂದು ಪತ್ರದಂಚಿನಲ್ಲಿ ಸಣ್ಣಗೆ ಬರೆದಿದ್ದೀರಿ. ತೊಂಬತ್ತು ದಾಟಿದವರ ವಿಷಯದಲ್ಲಿ ಮುಂದಿನ ತಿಂಗಳು ಎನ್ನಬೇಡಿ, ಈ ವಾರವೇ ಹೋಗಿ. ಮೊದಲ ಸಲ ಒಬ್ಬರೇ ಹೋಗಿ, ಅವರ ಆರೋಗ್ಯ ಹೇಗಿದೆ, ಜನ ಬಂದರೆ ದಣಿವಾಗುತ್ತದೆಯೇ ಎಂದು ಅಲ್ಲಿಯ ದಾದಿಯರನ್ನು ಕೇಳಿಕೊಳ್ಳಿ. ಎರಡನೆಯ ಸಲ ಆ ಹದಿನೈದರ ಹುಡುಗಿಯನ್ನೂ ಅವಳ ತಾಯಿಯನ್ನೂ ಜೊತೆಗೆ ಕರೆಯಿರಿ. ಬರುವುದಿಲ್ಲ ಎಂದರೆ ಒತ್ತಾಯಿಸಬೇಡಿ. ಬಂದರೆ, ನೀವು ಸುಮ್ಮನಿದ್ದು ಅವರಿಬ್ಬರನ್ನು ಮಾತನಾಡಲು ಬಿಡಿ. ಆ ತಾಯಿಗೆ ಟೆಕ್ಸಸ್ ಸೈಕ್ಲೋನ್ ನೆನಪಿರಲಿಕ್ಕಿಲ್ಲ, ಅದನ್ನು ಅವರು ಹತ್ತಿಯೇ ಇಲ್ಲವಲ್ಲ. ಯಾವ ಮಗು ಯಾವ ಬಣ್ಣದ ಕಾಲುಚೀಲ ಕೇಳುತ್ತಿತ್ತೆಂಬುದು ನೆನಪಿರಬಹುದು. ಹೋಗುವಾಗ ಒಂದು ಜೊತೆ ತೆಗೆದುಕೊಂಡು ಹೋಗಿ. ದಪ್ಪ ಹತ್ತಿಯದು, ಕಣಕಾಲಿಗೆ ಬಿಗಿಯಾಗದಂಥದ್ದು. ಆ ವಯಸ್ಸಿನಲ್ಲಿ ಕಾಲು ಬಾತಿರುತ್ತದೆ.